ವರ್ಷಕ್ಕೊಮ್ಮೆ ಹಾಕುವ ಬಾಗಿಲು

ಐದು ಬಾಗಿಲುಗಳಲ್ಲಿ ಒಂದನ್ನು ಕೈಬಿಡುವುದೆಂದು ತೀರ್ಮಾನವಾದಾಗ ಶೀಲಾವತಿ ಚಹಾ ಸೋಸುತ್ತಿದ್ದಳು. ಯಾವುದನ್ನು ಬಿಡೋಣ ಎಂದು ಅವಳನ್ನು ಯಾರೂ ಕೇಳಲಿಲ್ಲ. ಬಾಗಿಲಿನ ವಿಷಯದಲ್ಲಿ ಅರುವತ್ತೆರಡು ವರ್ಷದ ಹೆಂಗಸಿಗೆ ಹೇಳುವುದೇನಾದರೂ ಇರಬಹುದು ಎಂದು ಯಾರಿಗಾದರೂ ಹೊಳೆದರಲ್ಲವೇ!

ಮುಲುಂಡಿನ ಆ ಮೂರನೇ ಮಾಳಿಗೆಯ ಮನೆಗೆ ಗೆದ್ದಲು ಯಾವಾಗ ಹೊಕ್ಕಿತೋ ಗೊತ್ತಿಲ್ಲ. ಗೊತ್ತಾದದ್ದು ಜೂನಿನಲ್ಲಿ, ಸೊಸೆ ನಿಶಾ ಬೆಡ್‌ರೂಮಿನ ಬಾಗಿಲಿಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದಾಗ ಅವಳ ಮೊಣಕೈ ಬಾಗಿಲಿನೊಳಕ್ಕೇ ಇಳಿದುಹೋದ ದಿನ. ಹೊರಗೆ ಪಾಲಿಶ್ ಥಳಥಳ, ಒಳಗೆ ಬರೀ ಪುಡಿ. ಮಗ ಪ್ರಶಾಂತ ಒಂದೊಂದೇ ಬಾಗಿಲನ್ನು ಬೆರಳಿನಿಂದ ತಟ್ಟುತ್ತಾ ಹೋದ. ಎದುರು ಬಾಗಿಲು, ಬೆಡ್‌ರೂಮು, ಅಡುಗೆಮನೆ, ಬಾತ್‌ರೂಮು, ಟಾಯ್ಲೆಟ್ಟು, ಐದೂ ಟೊಳ್ಳು. ಬಾಗಿಲ ಚೌಕಟ್ಟುಗಳು, ಅಂದರೆ ದಾರಂದಗಳು ಮಾತ್ರ ಹಳೇ ಸಾಗುವಾನಿಯವು, ಅವುಗಳ ತಂಟೆಗೆ ಗೆದ್ದಲು ಹೋಗಿರಲಿಲ್ಲ.

ಅಳತೆಗೆ ಬಂದವನು ಶಿವಪುತ್ರ, ವಿಜಯಪುರದ ಕಡೆಯ ಬಡಗಿ. ಮುಂಬಯಿಗೆ ಬಂದು ಹದಿನೆಂಟು ವರ್ಷವಾದರೂ ಅವನ ಮಾತು ಊರು ಬಿಟ್ಟಿರಲಿಲ್ಲ. ಟೇಪು ಹಿಡಿದು ಅಳೆದು, ಕಿವಿಯಲ್ಲಿದ್ದ ಪೆನ್ಸಿಲ್ ತೆಗೆದು ಡೈರಿಯಲ್ಲಿ ಗೀಚಿಕೊಂಡು ಹೇಳಿದ.

“ಎದುರಿನ ಬಾಗಲಾ ಲಾಕು, ಲ್ಯಾಮಿನೇಟು ಎಲ್ಲಾ ಹಿಡದು ಇಪ್ಪತ್ನಾಕು ಸಾವಿರ ಆಕ್ಕೈತ್ರಿ ಸಾಹೇಬ್ರ. ಬೆಡ್‌ರೂಮಿಂದು ಹದಿಮೂರು. ಅಡಗಿಮನಿದು ಹನ್ನೆರಡೂವರಿ. ಬಾತ್‌ರೂಮು, ಟಾಯ್ಲೆಟ್ಟು ಪ್ಲಾಸ್ಟಿಕ್ಕಿನವು ಹಾಕೂಣು, ಎರಡೂ ಕೂಡಿ ಹದಿಮೂರು. ಮ್ಯಾಲೆ ಕೂಲಿ, ಹಳೇ ಮಾಲು ಒಯ್ಯೂದು ಏಳೂವರಿ.”

ಪ್ರಶಾಂತ ಫೋನಿನಲ್ಲಿ ಕೂಡಿಸಿದ. ಎಪ್ಪತ್ತು ಸಾವಿರ. ಅವನ ಕೈಯಲ್ಲಿದ್ದದ್ದು ಐವತ್ತೆಂಟು. ಅದರ ಮೇಲೆ ಒಂದು ಪೈಸೆ ಹುಟ್ಟುವಂತಿರಲಿಲ್ಲ. ಆಗಲೇ ನಿಶಾಳಿಗೆ ಹೊಳೆಯಿತು.

“ನಮ್ಮ ಕಿಚನ್ ಡೋರ್ ಯಾವಾಗ ಬಂದ್ ಮಾಡ್ತೇವೆ, ಹೇಳು? ಕಭೀ ನಹೀ. ಅದರ ಹಿಂದೆ ತರಕಾರಿ ಚೀಲ ನೇತಾಡ್ತದೆ, ಬಸ್. ತೆಗೆದ್ರೆ ಫ್ರಿಜ್ ಆರಾಮಾಗಿ ಕೂರ್ತದೆ. ಈಗ ಎಲ್ಲರದ್ದೂ ಓಪನ್ ಕಿಚನ್ನೇ.”

ಹನ್ನೆರಡೂವರೆ ಕಳೆದರೆ ಐವತ್ತೇಳೂವರೆ. ಐನೂರು ರೂಪಾಯಿ ಉಳಿದೇ ಉಳಿಯಿತು. ಆ ಐನೂರಕ್ಕೆ ಪ್ರಶಾಂತನ ಮುಖ ಅರಳಿದ್ದನ್ನು ನೋಡಬೇಕಿತ್ತು. ಶಿವಪುತ್ರ ಡೈರಿಯಲ್ಲಿ ಅಡುಗೆಮನೆಯ ಸಾಲಿನ ಮೇಲೆ ಗೀಟು ಎಳೆದ. ಶೀಲಾವತಿ ಚಹಾದ ಲೋಟಗಳನ್ನು ತಂದಿಟ್ಟಾಗ ಒಂದು ಲೋಟದ ಚಹಾ ಟೀಪಾಯಿಯ ಮೇಲೆ ಚೆಲ್ಲಿತು.

ನಿಶಾ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಡುಗೆಮನೆಯ ಬಾಗಿಲು ಹಾಕುವುದು ವರ್ಷಕ್ಕೆ ಒಂದೇ ಸಲ, ಅದೂ ಹದಿನೈದು ನಿಮಿಷ. ತುಳುನಾಡಿನ ಮಳೆಗಾಲದ ಆಟಿ ತಿಂಗಳ ಒಂದು ಭಾನುವಾರ ಸತ್ತ ಹಿರಿಯರಿಗೆ ಬಡಿಸುವುದು ಅವರ ಮನೆಯ ಕ್ರಮ. ಒಲೆಯ ಪಕ್ಕದಲ್ಲಿ ನೆಲ ಒರಸಿ, ಬಾಳೆಲೆ ಹಾಕಿ, ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಕಾಯಿಸಿದ ಬಂಗುಡೆ ಮೀನು, ಒಂದು ಸಣ್ಣ ಗ್ಲಾಸಿನಲ್ಲಿ ಬ್ರಾಂದಿ ಇಟ್ಟು, ದೀಪ ಹಚ್ಚಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಹಿರಿಯರು ಬಂದು ಉಣ್ಣುವುದು ಆಗಲೇ. ನೋಡುವವರ ಎದುರು ಸತ್ತವರು ಎಲೆಗೆ ಕೈ ಹಾಕುವುದಿಲ್ಲ. ಹೊತ್ತಾದ ಮೇಲೆ ಹೊರಗಿನಿಂದ ಕೆಮ್ಮಿ, ಮೂರು ಸಲ ಬಾಗಿಲು ತಟ್ಟಿ, ಮತ್ತೆ ತೆರೆಯಬೇಕು.

ಇಷ್ಟು ವರ್ಷ ಇದನ್ನೆಲ್ಲ ಮಾಡುತ್ತಿದ್ದವನು ಗಂಡ ಅಂಗಾರ. ಬಾಗಿಲು ಹಾಕಿ ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದ. “ಗಡಿಬಿಡಿ ಮಾಡಬೇಡ ಮಾರಾಯ್ತಿ, ನನ್ನ ಅಪ್ಪ ಮುಳ್ಳು ಬಿಡಿಸಿ ತಿನ್ನಬೇಕಲ್ಲ” ಎನ್ನುತ್ತಿದ್ದ. ಅಪ್ಪನ ಊಟಕ್ಕೆ ಅಷ್ಟು ಸಾವಧಾನ ತೋರಿಸುತ್ತಿದ್ದವನಿಗೆ ತನ್ನ ಊಟಕ್ಕೆ ಮಾತ್ರ ಐದು ನಿಮಿಷ ಸಾಕಾಗುತ್ತಿತ್ತು. ಸಯನ್ನಿನ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿ ಸೇರಿ ಮೂವತ್ತನಾಲ್ಕು ವರ್ಷ ದುಡಿದವನು. ಅಲ್ಲಿ ಗಿರಾಕಿಗಳು ಕಡಿಮೆಯಾದಾಗ ಅಡುಗೆಮನೆಯ ಹಿಂದೆ ಎಲ್ಲರೂ ಓಡಾಡುವಲ್ಲಿ ನಿಂತುಕೊಂಡೇ ನಾಲ್ಕು ತುತ್ತು ನುಂಗುವುದು, ಯಾರಾದರೂ ಕೂಗಿದರೆ ಕೈ ತೊಳೆದು ಓಡುವುದು. ಆ ಅಭ್ಯಾಸ ಮನೆಯಲ್ಲೂ ಹೋಗಲಿಲ್ಲ. ಶೀಲಾವತಿ ಎರಡನೇ ಸಲ ಅನ್ನ ತರುವಷ್ಟರಲ್ಲಿ ಅವನು ಬಟ್ಟಲು ತೊಳೆಯುತ್ತಿರುತ್ತಿದ್ದ.

ಕಳೆದ ದೀಪಾವಳಿ ಮುಗಿದ ವಾರದಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಇದು ಅವನ ಮೊದಲ ಆಟಿ. ಈ ಸಲ ಬಡಿಸಬೇಕಾದದ್ದು ಅವನಿಗೇ.

ಹಾಗಾದರೆ ಮಗನಿಗೆ ಹೇಳುವುದಕ್ಕೇನು ಧಾಡಿ ಎಂದು ನೀವು ಕೇಳಬಹುದು. ಊರಲ್ಲಿ ಹದಿಮೂರನೆಯ ದಿನದ ಕೆಲಸ ಮುಗಿಸಿ ರೈಲು ಹತ್ತಿದಾಗ ಪ್ರಶಾಂತ ಸೀಟಿಗೆ ತಲೆಯಾನಿಸಿ, “ಎಲ್ಲ ಮುಗೀತಲ್ವಾ ಅಮ್ಮ? ಇನ್ನು ಎಂತದೂ ಬಾಕಿ ಇಲ್ಲ ಅಲ್ವಾ?” ಎಂದು ಕೇಳಿದ್ದ. ಹದಿಮೂರು ದಿನ ನಿದ್ದೆಗೆಟ್ಟ ಮುಖ. ಅವಳು ಇಲ್ಲ ಎಂದು ತಲೆಯಾಡಿಸಿಬಿಟ್ಟಿದ್ದಳು. ಈಗ ಯಾವ ಮುಖ ಇಟ್ಟುಕೊಂಡು ಬಾಕಿ ಉಂಟು ಎನ್ನುವುದು? ಅದೂ ಹದಿನೈದು ನಿಮಿಷದ ಬಾಕಿಗೆ ಹನ್ನೆರಡೂವರೆ ಸಾವಿರ! ಲೆಕ್ಕ ಅವಳಿಗೂ ಬರುತ್ತಿತ್ತು. ಬಾಯಿ ತೆರೆಯಲು ಹೋದಾಗಲೆಲ್ಲ ಆ ಲೆಕ್ಕವೇ ಬಾಯಿ ಮುಚ್ಚಿಸುತ್ತಿತ್ತು.

ಅಂದಿನಿಂದ ಅವಳು ಕೂತಲ್ಲಿ ಕೂರಲಿಲ್ಲ. ಒಗ್ಗರಣೆಗೆ ಎಣ್ಣೆ ಇಟ್ಟು ಬಾಗಿಲು ನೋಡಲು ಹೋಗುವಳು, ಎಣ್ಣೆ ಸೀಯುವುದು. ಬೆಡ್‌ರೂಮಿನಲ್ಲಿ ಬಡಿಸಿದರೆ ಹೇಗೆ ಎಂದು ಒಮ್ಮೆ ಯೋಚಿಸಿದಳು. ಮಗ ಸೊಸೆಯ ಮಂಚ, ಅದಕ್ಕಂಟಿಕೊಂಡೇ ಟಾಯ್ಲೆಟ್ಟು. ಅಲ್ಲಿ ಎಲೆ ಹಾಕಿ ಹಿರಿಯರನ್ನು ಕರೆಯುವುದುಂಟೇ? ಅಡುಗೆಮನೆಗೆ ಪರದೆ ಕಟ್ಟಿದರೆ? ಮಳೆಗಾಲದ ಗಾಳಿಗೆ ಪರದೆ ಹಾರಿ ಒಳಗಿದ್ದದ್ದೆಲ್ಲ ಕಾಣುತ್ತದೆ. ಜೀವವಿದ್ದಾಗ ಜನರ ಕಣ್ಣೆದುರೇ ನಿಂತು ಉಂಡವನಿಗೆ ಸತ್ತ ಮೇಲೂ ಅದೇ ಗತಿಯೇ ಎಂದು ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಕುಕ್ಕರಿನ ಮುಚ್ಚಳವನ್ನು ಕುಕ್ಕಿ ಹಾಕಿದಳು.

ನಾಲ್ಕು ದಿನ ಬಿಟ್ಟು ಶಿವಪುತ್ರ ಲ್ಯಾಮಿನೇಟಿನ ತುಂಡುಗಳನ್ನು ತೋರಿಸಲು ಬಂದ. ಮಗ ಸೊಸೆ ಇಬ್ಬರೂ ಆಫೀಸಿನಲ್ಲಿದ್ದರು. ಶೀಲಾವತಿ ಅವನಿಗೆ ಚಹಾದ ಜೊತೆ ಎರಡು ನೀರುದೋಸೆಯನ್ನೂ ಕೊಟ್ಟಳು. ಲಂಚವೆಂದರೆ ಲಂಚವೇ.

“ಎದುರು ಬಾಗಿಲನ್ನು ಸ್ವಲ್ಪ ತೆಳ್ಳಗೆ ಮಾಡಿದರೆ ಎಷ್ಟು ಕಡಿಮೆ ಆಗ್ತದೆ ಶಿವಪುತ್ರ?”

“ಅವ್ವಾರ, ಎದುರಿನ ಬಾಗಲಾ ತೆಳ್ಳಗ ಮಾಡಿದ್ರ ಕಳ್ಳರಿಗೆ ಚಲೋ ಆಕ್ಕೈತಿ.”

“ಬಾತ್‌ರೂಮಿಗೆ ಹಳೇ ಬಾಗಿಲಿಗೇ ತಗಡು ಹೊಡೆದರೆ?”

“ಗೆದ್ದಲಿಗೆ ತಗಡಿನ ಅಂಗಿ ಹೊಲಸಿದಂಗ ಆಕ್ಕೈತ್ರಿ.” ಅವನು ದೋಸೆ ಮಡಚಿ ಬಾಯಿಗಿಟ್ಟು ಅವಳ ಮುಖ ನೋಡಿದ. “ರೊಕ್ಕ ಕಮ್ಮಿ ಇದ್ದವ್ರು ವಡಾಲಾದಾಗ ಹಳೇ ಬಾಗಲಾ ತರ್ತಾರ. ಒಡದ ಬಿಲ್ಡಿಂಗಿನ ಮಾಲು. ಮೂರ್ನಾಕು ಸಾವಿರಕ್ಕ ಸಾಗುವಾನಿದ ಸಿಗತೈತಿ. ನಾ ಮಾತ್ರ ಅವನ್ನ ಕೂಡಸಾಂವ ಅಲ್ರಿ, ಒಳಗ ಮೊಳಿ ಮುರದಿರ್ತಾವ, ಕಟಿಗಿ ಹೆರಿಯೂ ನನ್ನ ರಂದಾ ಹಾಳಾಕ್ಕೈತಿ.”

ಕೊನೆಯ ಮಾತು ಶೀಲಾವತಿಯ ಕಿವಿಗೆ ಬೀಳಲೇ ಇಲ್ಲ. ಬಾಗಿಲು ಬಂದು ಮುಂದೆ ನಿಂತರೆ ಇವನು ಇಲ್ಲ ಎನ್ನುವುದು ಹೇಗೆ?

ಮರುದಿನ ಹನ್ನೊಂದು ಗಂಟೆಗೆ ಅವಳು ಹೊರಟಳು. ಅಳತೆ ಬೇಕಿತ್ತು. ಟೇಪು ಮಗನ ಕಪಾಟಿನಲ್ಲಿ, ಕಪಾಟಿಗೆ ಬೀಗ. ಹುಡುಕಿದಾಗ ಸಿಕ್ಕಿದ್ದು ಲಂಗಕ್ಕೆ ಹಾಕಲು ತಂದಿಟ್ಟಿದ್ದ ಹೊಚ್ಚ ಹೊಸ ಲಾಡಿ. ಅಡುಗೆಮನೆಯ ದಾರಂದದ ಒಳ ಅಗಲಕ್ಕೆ ಹಿಡಿದು ಒಂದು ಗಂಟು, ಎತ್ತರಕ್ಕೆ ಹಿಡಿದು ಇನ್ನೊಂದು ಗಂಟು. ಎರಡೆರಡು ಸಲ ಹಿಡಿದು ನೋಡಿದಳು, ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಲಾಡಿಯನ್ನು ಸೊಂಟಕ್ಕೆ ಸಿಕ್ಕಿಸಿ, ಗಂಡನ ಔಷಧಿಗೆಂದು ಕೂಡಿಟ್ಟು ಔಷಧಿಗೆ ಬಾರದೇ ಹೋದ ಐದು ಸಾವಿರವನ್ನು ಪರ್ಸಿನಲ್ಲಿಟ್ಟು ಲೋಕಲ್ ಹತ್ತಿದಳು. ಕುರ್ಲಾದಲ್ಲಿ ಗಾಡಿ ಬದಲಿಸಿ ವಡಾಲದಲ್ಲಿ ಇಳಿದಾಗ ಮಳೆ ಹೊಯ್ಯುತ್ತಿತ್ತು. ಕೊಡೆ ತಲೆಯನ್ನಷ್ಟೇ ಕಾಯಿತು. ಬಂದರಿನ ಗೋಡೌನುಗಳ ಕಡೆಗೆ ನಡೆಯುವಷ್ಟರಲ್ಲಿ ಸೊಂಟದಿಂದ ಕೆಳಗೆ ತೊಪ್ಪೆ.

ತಾಡಪತ್ರಿಯ ಕೆಳಗೆ ಬಾಗಿಲುಗಳೇ ಬಾಗಿಲುಗಳು, ಗೋಡೆಗೊರಗಿ ಸಾಲಾಗಿ ನಿಂತಿದ್ದವು. ಕೆಲವಕ್ಕೆ ಇನ್ನೂ ಮನೆ ನಂಬರು ಇತ್ತು. ಒಂದರ ಮೇಲೆ ಯಾರೋ ಹಚ್ಚಿದ ಕುಂಕುಮದ ಕಲೆ ಹಾಗೇ ಉಳಿದಿತ್ತು. ಅಂಗಡಿಯ ಭಾಯಿ ಅವಳ ಲಾಡಿ ನೋಡಿ ನಗಲಿಲ್ಲ, ಅದು ಅವನ ದೊಡ್ಡತನ. ಒದ್ದೆ ಲಾಡಿಯನ್ನು ಒಂದೊಂದೇ ಬಾಗಿಲಿಗೆ ಹಿಡಿಯುತ್ತಾ ಹೋದ. ಒಂಬತ್ತನೆಯದಕ್ಕೆ ಗಂಟುಗಳೆರಡೂ ಅಂಚಿಗೆ ಸರಿಯಾಗಿ ಕೂತವು. ಹಳೇ ಸಾಗುವಾನಿ, ಕೈಯಿಟ್ಟರೆ ಗಟ್ಟಿ.

“ಯೇ ತೋ ಆಪ್ ಕೇ ಲಿಯೇ ಹೀ ಬನಾ ಹೈ, ಮೌಸೀ” ಎಂದ, ನಿಮಗೆಂದೇ ಮಾಡಿದ್ದು ಎಂದು.

ಅವಳಿಗೆ ಕಣ್ಣು ತುಂಬಿ ಬಂತು. ನಾಲ್ಕು ಸಾವಿರ ಹೇಳಿದ್ದನ್ನು ಮೂರೂವರೆಗೆ ಇಳಿಸಿದಳು, ಟೆಂಪೋಗೆ ಒಂಬೈನೂರು. ಶನಿವಾರ ಸಂಜೆ ಕಳುಹಿಸಲು ಹೇಳಿ ಬಂದಳು. ಭಾನುವಾರ ಬಡಿಸುವುದು.

ಶನಿವಾರ ಬೆಳಿಗ್ಗೆ ಶಿವಪುತ್ರ ಐದೂ ಹಳೇ ಬಾಗಿಲು ಬಿಚ್ಚಿ ಸಾಗಿಸಿದ. ಹಾಲಿನಲ್ಲಿ ನಿಂತರೆ ಮನೆಯೊಳಗಿನದೆಲ್ಲ ಕಾಣುವಂತಾಗಿ ನಿಶಾ ದುಪಟ್ಟಾ ಸರಿಪಡಿಸಿಕೊಳ್ಳುತ್ತಾ ಓಡಾಡಿದಳು. ಸಂಜೆ ಐದು ಗಂಟೆಗೆಲ್ಲ ನಾಲ್ಕು ಹೊಸ ಬಾಗಿಲು ಕೂತವು. ಅಡುಗೆಮನೆಗೆ ಮಾತ್ರ ಬರೀ ದಾರಂದ. ಶೀಲಾವತಿ ಕಿಟಕಿಗೂ ಗೇಟಿನ ಫೋನಿಗೂ ಅಲೆದಾಡಿದಳು. ಐದೂವರೆಗೆ ವಾಚ್‌ಮ್ಯಾನ್ ಫೋನು ಮಾಡಿದ, ಆರಕ್ಕೆ ಇಬ್ಬರು ಬಾಗಿಲನ್ನು ಹೊತ್ತು ತಂದು ಹಾಲಿನಲ್ಲಿ ಇಳಿಸಿಯೇಬಿಟ್ಟರು.

“ಎಂತ ಇದು? ಯಾರು ಆರ್ಡರ್ ಮಾಡಿದ್ದು?” ಪ್ರಶಾಂತ ಎದ್ದು ನಿಂತ.

“ನಾನು” ಎಂದಳು ಶೀಲಾವತಿ. “ಅಡುಗೆಮನೆಗೆ. ನನ್ನದೇ ದುಡ್ಡು, ನಾಲ್ಕು ಸಾವಿರದ ನಾನೂರು. ಶಿವಪುತ್ರ, ಇದೊಂದು ಕೂರಿಸಿ ಹೋಗು ಮಾರಾಯ.”

ಸಾಮಾನು ಕಟ್ಟುತ್ತಿದ್ದ ಶಿವಪುತ್ರ ಟೇಪು ಹಿಡಿದ. ಬಾಗಿಲು ಅಳೆದ, ದಾರಂದ ಅಳೆದ, ಮತ್ತೆ ಬಾಗಿಲು ಅಳೆದ.

“ಅವ್ವಾರ, ಅಗಲಾ ಒಂದೂವರಿ ಇಂಚು ಕಮ್ಮಿ ಐತಿ. ಎತ್ತರಾ ನಾಕಿಂಚು. ಯಾತರ್ಲೇ ಅಳದ್ರಿ?”

ಅವಳು ಲಾಡಿ ತಂದಳು. ಒಣಗಿದ ಲಾಡಿಯನ್ನು ಈಗ ದಾರಂದಕ್ಕೆ ಹಿಡಿದರೆ ಗಂಟು ಅಂಚಿಗೆ ಮುಟ್ಟಲೊಲ್ಲದು. ಅವಳಿಗೆ ತಕ್ಷಣ ಅರ್ಥವಾಯಿತು. ಹೊಸ ಲಾಡಿ, ಸೀರೆಯ ಹೊಸ ಫಾಲು ಯಾವುದನ್ನೂ ನೀರಲ್ಲಿ ನೆನೆಸದೆ ಹೊಲಿಯಬೇಡ, ಆಮೇಲೆ ಎಳೆದುಕೊಳ್ಳುತ್ತದೆ ಎಂದು ಸೊಸೆಗೆ ನೂರು ಸಲ ಉಪದೇಶ ಮಾಡಿದವಳು ತಾನೇ. ವಡಾಲದ ಮಳೆ ಆ ಲಾಡಿಯನ್ನು ಸೊಂಟದಲ್ಲೇ ನೆನೆಸಿ ಗಿಡ್ಡ ಮಾಡಿತ್ತು. ನಿಶಾ ಬಾಯಿಗೆ ಕೈಯಿಟ್ಟುಕೊಂಡು ನಗು ತಡೆದಳು. ಪ್ರಶಾಂತ ತಡೆಯಲಿಲ್ಲ, ನಕ್ಕೇಬಿಟ್ಟ.

“ಅಲ್ಲ ಅಮ್ಮ, ಅಷ್ಟೂ ದುಡ್ಡು ನೀರಿಗೆ! ಅಡುಗೆಮನೆಗೆ ಬಾಗಿಲು ಯಾಕೆ ಬೇಕಿತ್ತು ನಿಮಗೆ?”

“ನಾಳೆ ನಿನ್ನ ಅಪ್ಪನಿಗೆ ಬಡಿಸಬೇಕು!” ಅವಳ ಸ್ವರ ಅವಳಿಗೇ ಹೊಸದೆನಿಸುವಷ್ಟು ಏರಿತು. “ಮೊದಲ ಆಟಿ ಅವರದ್ದು. ಬಾಗಿಲು ಹಾಕದೆ ಹೇಗೆ ಬಡಿಸುವುದು? ಫ್ರಿಜ್ಜಿಗೆ ಜಾಗ ಆಯ್ತು, ಎಲ್ಲದಕ್ಕೂ ಜಾಗ ಆಯ್ತು. ಅವರು ಬಂದು ಎಲ್ಲಿ ಕೂರುವುದು? ಹೊರಗೆ ನಿಂತು ನೋಡಿ ಹಸಿದುಕೊಂಡೇ ಹೋಗಬೇಕಾ?”

ನಗು ಅಲ್ಲಿಗೇ ನಿಂತಿತು. ನಿಶಾ ದಾರಂದದ ಕಡೆ ನೋಡಿದಳು. ಹೋದ ವರ್ಷ ಇದೇ ದಾರಂದದ ಹೊರಗೆ ಮಾವ ಸ್ಟೂಲು ಹಾಕಿ ಕೂತು, “ಶ್, ಮೆಲ್ಲ ಮಾತಾಡಿ” ಎಂದದ್ದು ಅವಳಿಗೆ ನೆನಪಾಗಿರಬೇಕು. “ಸಾರಿ ಮಾಮಿ” ಎಂದಳು.

ಶಿವಪುತ್ರ ಟೇಪನ್ನು ಮಡಚಿದ. “ಸುತ್ತ ಪಟ್ಟಿ ಬಡದು ಕೂಡಸಬೌದ್ರಿ. ಆದ್ರ ಅಂಟು ಒಣಗಾಕ ಒಂದ್ ದಿನಾ ಬೇಕು. ನಾಳಿ ಐತವಾರ, ನಿಮ್ಮ ಸೊಸಾಯಿಟಿದಾಗ ಒಂದ್ ಮೊಳಿ ಬಡದ್ರೂ ಸೆಕ್ರೆಟ್ರಿ ಓಡಿ ಬರ್ತಾನ. ಸೋಮಾರ ಬರ್ತೀನಿ. ಈ ಕೆಲಸಕ್ಕ ಕೂಲಿ ಬ್ಯಾಡ.” ರಂದಾ ಹಾಳಾಗುವ ಮಾತನ್ನು ಅವನು ಎತ್ತಲಿಲ್ಲ.

ಪ್ರಶಾಂತ ಬಾಲ್ಕನಿಗೆ ಹೋಗಿ ನಿಂತ. ಹೇಳಬಾರದಿತ್ತು ಎಂದು ಶೀಲಾವತಿಗೆ ಅನಿಸಿತು, ಮೊದಲೇ ಹೇಳಬೇಕಿತ್ತು ಎಂದೂ ಅನಿಸಿತು.

ಭಾನುವಾರ ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಪ್ರಶಾಂತ ಮಾರ್ಕೆಟ್ಟಿಗೆ ಹೋಗಿ ಬಂದಿದ್ದ. ಚೀಲದಲ್ಲಿ ಕೋಳಿ, ಬಂಗುಡೆ, ಬಾಳೆಲೆ. ಜೇಬಿನಲ್ಲಿ ಬ್ರಾಂದಿಯ ಕ್ವಾರ್ಟರು. ಯಾವುದನ್ನೂ ಅವಳು ಹೇಳಿರಲಿಲ್ಲ. ನಿಶಾ ಕಾಯಿ ತುರಿದುಕೊಟ್ಟಳು. ಅಡುಗೆ ಒಂದು ಗಂಟೆಗೆ ತಯಾರಾಯಿತು. ಶೀಲಾವತಿ ಎಲೆ ಹಾಕಿ ಬಡಿಸಿದಳು. ಬಂಗುಡೆಯ ದೊಡ್ಡ ತುಂಡನ್ನು ಗಂಡನ ಬಲಗೈ ಬರುವ ಕಡೆಗೇ ಇಟ್ಟಳು. ದೀಪ ಹಚ್ಚಿ ಹೊರಗೆ ಬಂದು, ತೆರೆದ ದಾರಂದದ ಎದುರು ಏನು ಮಾಡುವುದೆಂದು ತಿಳಿಯದೆ ನಿಂತಳು.

“ಸರಿಯಿರಿ ಅಮ್ಮ” ಎಂದ ಪ್ರಶಾಂತ.

ಅವನು ಗೋಡೆಗೊರಗಿಸಿದ್ದ ಸಾಗುವಾನಿ ಬಾಗಿಲನ್ನು ಎರಡೂ ಕೈಯಿಂದ ತಬ್ಬಿ ಎತ್ತಿ ದಾರಂದದೊಳಗೆ ನಿಲ್ಲಿಸಿದ. ಹಿಡಿದುಕೊಳ್ಳದಿದ್ದರೆ ನಿಲ್ಲುವಂಥದ್ದಲ್ಲ, ದಾರಂದಕ್ಕೆ ಕೂಡಿಸುವ ತಿಜಾಗರವಿಲ್ಲ, ಚಿಲಕವಿಲ್ಲ. ಅದರ ಕಡೆಗೆ ಬೆನ್ನು ಹಾಕಿ, ಎರಡೂ ಕೈ ಹಿಂದೆ ಚಾಚಿ ಅಂಚುಗಳನ್ನು ಹಿಡಿದು ನಿಂತ. ಮೇಲಿನ ಸಂದಿ ಯಾರ ಕಣ್ಣಿಗೂ ಎಟುಕುವಂಥದ್ದಲ್ಲ, ಎಡಗಡೆ ಒಂದೂವರೆ ಇಂಚಿನ ಸಂದಿಯಲ್ಲಿ ಮಾತ್ರ ದೀಪದ ಬೆಳಕು ಕಾಣಿಸಿತು. ನಿಶಾ ಒಳಗೆ ಓಡಿ ಮಾವ ಮೈ ಒರಸುತ್ತಿದ್ದ ಹಳೇ ಬೈರಾಸು ತಂದು, ಅದನ್ನು ಉದ್ದಕ್ಕೆ ಸುರುಳಿ ಸುತ್ತಿ ಸಂದಿಗೆ ತುರುಕಿದಳು. ಬೆಳಕು ಮುಚ್ಚಿತು.

ಶೀಲಾವತಿ ಗಡಿಯಾರ ನೋಡಿದಳು. ಒಂದು ಹತ್ತು. ಕೂತಳು, ಎದ್ದಳು. ಹಾಲಿನ ಈ ತುದಿಯಿಂದ ಆ ತುದಿಗೆ ನಡೆದಳು. ಅನ್ನ ಬಿಸಿ ಇತ್ತೇ? ಉಪ್ಪು ಸರಿಯಿತ್ತೇ? ಹೊಸ ಎದುರು ಬಾಗಿಲನ್ನು ಕಂಡು ಇದು ತನ್ನ ಮನೆಯಲ್ಲವೆಂದು ಅವನು ತಿರುಗಿ ಹೋಗಿದ್ದರೆ? ಹತ್ತು ನಿಮಿಷಕ್ಕೇ ಪ್ರಶಾಂತನ ಹಣೆಯಲ್ಲಿ ಬೆವರು ಇಳಿಯತೊಡಗಿತು. ಕೂತು ಕೆಲಸ ಮಾಡುವ ಹುಡುಗ, ಅಷ್ಟು ಭಾರ ಹೊತ್ತು ಗೊತ್ತಿಲ್ಲದವನು.

ಒಂದು ಇಪ್ಪತ್ತೈದಕ್ಕೆ ಅವಳು ಮಗನ ಹತ್ತಿರ ಬಂದಳು. “ಸಾಕು ಮಗ, ಕೈ ಸೋತುಹೋಯ್ತು ನಿಂದು. ಅಪ್ಪನ ಊಟ ನಿನಗೆ ಗೊತ್ತಿಲ್ವಾ? ಐದು ನಿಮಿಷದಲ್ಲಿ ಮುಗಿದಿರ್ತದೆ” ಎಂದು ಕೆಮ್ಮಲು ಗಂಟಲು ಸರಿಮಾಡಿಕೊಂಡು, ತಟ್ಟಲು ಕೈ ಎತ್ತಿದಳು.

ಪ್ರಶಾಂತ ಬೇಡವೆಂದು ತಲೆಯಾಡಿಸಿದ. ಅವನ ಕಣ್ಣು ತುಂಬಿತ್ತು. ಒರಸಿಕೊಳ್ಳಲು ಕೈ ಬಿಡುವಂತಿರಲಿಲ್ಲ.

“ತಟ್ಟಬೇಡಿ ಅಮ್ಮ” ಎಂದ ಮೆಲ್ಲಗೆ. “ಇವತ್ತು ಅವರನ್ನು ಯಾವ ಗಿರಾಕಿಯೂ ಕೂಗ್ತಾ ಇಲ್ಲ. ಕೂತು ನಿಧಾನ ತಿನ್ನಲಿ.”

ಶೀಲಾವತಿ ಎತ್ತಿದ ಕೈ ಇಳಿಸಿದಳು. ಮಗನ ಕಾಲ ಬಳಿ, ಬಾಗಿಲ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಮತ್ತೆ ಗಡಿಯಾರದ ಕಡೆ ನೋಡಲಿಲ್ಲ.